ಲೆಕ್ಕದಲ್ಲಿ -44, ರೇಡಿಯೋದಲ್ಲಿ -80: ಉಳಿದ 36 ಡಿಬಿ ಎಲ್ಲಿ ಹೋಯ್ತು?

ಮಲೆನಾಡ್_ಕೇಬಲ್
ಎಲ್ಲರಿಗೂ ನಮಸ್ಕಾರ. ಕೊಪ್ಪದ ಕಡೆ ಸಣ್ಣ ಕೇಬಲ್ ಮತ್ತು ಇಂಟರ್ನೆಟ್ ವ್ಯವಹಾರ ನಮ್ಮದು. ಫೈಬರ್ ಬಂದಿರುವುದು ಗುಡ್ಡದ ಮೇಲಿನ ನಮ್ಮ ಟವರ್ ತನಕ ಮಾತ್ರ. ಅಲ್ಲಿಂದ ಕೆಳಗೆ ಒಂದು ಊರು, 38 ಮನೆ. ಮಧ್ಯೆ ಕಾಡು. ಫೈಬರ್ ಎಳೆದರೆ ಪ್ರತಿ ಮಳೆಗಾಲ ಮರ ಬಿದ್ದು ತುಂಡಾಗುತ್ತದೆ. ಅದಕ್ಕೆ 5.8 ಗಿಗಾಹರ್ಟ್ಸ್ ರೇಡಿಯೋ ಎರಡು ತಂದು ಹಾಕಿದೆವು.

ದೂರ 12 ಕಿಲೋಮೀಟರ್. ಎರಡೂ ಕಡೆ 30 ಡಿಬಿಐ ಡಿಶ್ (ಡಿಬಿಐ ಅಂದರೆ ಡಿಶ್ ಸಿಗ್ನಲ್ಲನ್ನು ಒಂದೇ ಕಡೆಗೆ ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವ ಅಳತೆ, ಅದೇ ಗೇನ್). ರೇಡಿಯೋ ಡಬ್ಬದ ಮೇಲೆ 25 ಡಿಬಿಎಂ ಅಂತ ಬರೆದಿದೆ (ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಬಲ; ಪ್ರತಿ 10 ಡಿಬಿಗೆ ಬಲ ಹತ್ತು ಪಟ್ಟು). ದಾರಿಯಲ್ಲಿ ಹೋಗುವ ನಷ್ಟ ಲೆಕ್ಕ ಹಾಕಿದೆ, 129 ಡಿಬಿ ಬಂತು. ಅಂದರೆ 25 + 30 + 30 - 129 = -44 ಡಿಬಿಎಂ ಸಿಗ್ನಲ್ ಸಿಗಬೇಕು. ಸಿಗುತ್ತಿರುವುದು -80. ಎರಡೂ ತುದಿಯಲ್ಲಿ ಅಷ್ಟೇ.

ಅಂಗಡಿಯವರು ಹೇಳುವುದು, "ಇಂಟರ್‌ಫಿಯರೆನ್ಸ್ ಸಾರ್, 34 ಡಿಬಿಐ ದೊಡ್ಡ ಡಿಶ್ ಹಾಕಿ". ಅಂದರೆ ಬೇರೆಯವರ ರೇಡಿಯೋ ಗದ್ದಲ ಅಡ್ಡ ಬರುತ್ತಿದೆಯಂತೆ. ದುಡ್ಡು ಸುರಿಯುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು. ಎದುರಿನ ಕಂಬ ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ಹುಬ್ಳಿ_ಹುಡುಗ
-44 ಬಂದ್ರ ರೇಡಿಯೋ ಸುಟ್ಟೇ ಹೋಗ್ತಿತ್ತು, ದೇವರ ಉಳಿಸ್ಯಾನ ನಿಮ್ಮನ್ನ 😄

ಡಿಬಿ_ಭಟ್ರು
ಸುಡುವುದಿಲ್ಲ ಮಾರಾಯ್ರೆ. -44 ಅಂದರೆ 40 ನ್ಯಾನೋವ್ಯಾಟ್. ಅಷ್ಟರಲ್ಲಿ ಏನು ಸುಡುತ್ತದೆ? ತೀರಾ ಹತ್ತಿರ ಇಟ್ಟು -20ರ ಆಸುಪಾಸು ಕೊಟ್ಟರೆ ರಿಸೀವರ್ ಉಸಿರುಗಟ್ಟುತ್ತದೆ, ಅದು ಬೇರೆ ಮಾತು.

ಪ್ರಶ್ನೆಗೆ ಬರೋಣ. ನಿಮ್ಮ 129 ಸರಿ ಇದೆ. ಬೇರೆಯವರಿಗೂ ಗೊತ್ತಾಗಲಿ ಅಂತ ಬಿಡಿಸುತ್ತೇನೆ: 92.45, ಅದಕ್ಕೆ 20 ಲಾಗ್ ದೂರ (ಕಿಲೋಮೀಟರ್‌ನಲ್ಲಿ), ಅದಕ್ಕೆ 20 ಲಾಗ್ ಫ್ರೀಕ್ವೆನ್ಸಿ (ಗಿಗಾಹರ್ಟ್ಸ್‌ನಲ್ಲಿ). 92.45 + 21.58 + 15.27 = 129.3. ತಪ್ಪಿರುವುದು ಮೊದಲನೇ ಸಂಖ್ಯೆ, ಆ 25. ಡಬ್ಬದ ಮೇಲೆ ಬರೆದಿರುವುದು ರೇಡಿಯೋ ಎಷ್ಟು ಕೊಡಬಲ್ಲದು ಅಂತ. ಎಷ್ಟು ಕೊಡುತ್ತಿದೆ ಅಂತ ಅಲ್ಲ. ಸೆಟ್ಟಿಂಗ್‌ನಲ್ಲಿ ದೇಶ ಏನು ಹಾಕಿದ್ದೀರಿ? ಡಿಶ್ ಗೇನ್ ಎಷ್ಟು ಅಂತ ತುಂಬಿದ್ದೀರಿ?

ಮಲೆನಾಡ್_ಕೇಬಲ್
ದೇಶ ಇಂಡಿಯಾ. ಗೇನ್ 30. ಪವರ್ "ಆಟೋ".

ಡಿಬಿ_ಭಟ್ರು
ಅಲ್ಲೇ ಸಿಕ್ಕಿತು ನೋಡಿ ಅರ್ಧ ಗಂಟು. ನಮ್ಮಲ್ಲಿ 5725ರಿಂದ 5875 ಮೆಗಾಹರ್ಟ್ಸ್ 2018ರಿಂದ ಲೈಸೆನ್ಸ್ ಇಲ್ಲದೆ ಬಳಸಬಹುದು. ಆದರೆ ಡಿಶ್‌ನಿಂದ ಹೊರಡುವ ಒಟ್ಟು ಬಲಕ್ಕೆ 36 ಡಿಬಿಎಂ, ಅಂದರೆ 4 ವ್ಯಾಟ್ ಮಿತಿ. ಇದು ರೇಡಿಯೋದ ಪವರ್ ಅಲ್ಲ. ಪವರ್ ಮತ್ತು ಡಿಶ್ ಗೇನ್ ಎರಡೂ ಕೂಡಿಸಿದ್ದು. ನಿಮ್ಮ ಡಿಶ್ ಒಂದೇ 30 ತಿಂದಿತು. ಉಳಿದದ್ದು 6. ಆಟೋದಲ್ಲಿ ಇಟ್ಟರೆ ರೇಡಿಯೋ ತಾನೇ 25ರಿಂದ 6ಕ್ಕೆ ಇಳಿದುಬಿಡುತ್ತದೆ.

ಹೊಸ ಲೆಕ್ಕ: 36 - 129.3 + 30 = -63.3. ಕನೆಕ್ಟರ್, ತಂತಿ ತುಂಡು ಅಂತ 1 ಡಿಬಿ ತೆಗೆಯಿರಿ. -64 ಅನ್ನೋಣ.

ಕಳೆದುಹೋದ 36ರಲ್ಲಿ 19 ಡಿಬಿ ಕಾನೂನಿನ ಜೇಬಲ್ಲಿದೆ, 1 ಡಿಬಿ ತಂತಿಯಲ್ಲಿ. ಇನ್ನು 16 ಡಿಬಿ ಹುಡುಕಬೇಕು.

ಹುಬ್ಳಿ_ಹುಡುಗ
ಇದಕ್ಯಾಕ ಇಷ್ಟ ತಲಿಕೆಡಿಸ್ಕೋತೀರಿ? ದೇಶದ ಹೆಸರು ಬದಲ್ ಮಾಡ್ರಿ, ಪವರ್ ಪೂರಾ ಏರಸ್ರಿ, ಮುಗೀತು. ಎಲ್ಲಾರೂ ಮಾಡ್ತಾರ.

ನಿವೃತ್ತ_ಟ್ರಾನ್ಸ್‌ಮಿಷನ್
ಎಲ್ಲರೂ ಮಾಡುತ್ತಾರೆ, ಅದಕ್ಕೇ ಪೇಟೆಗಳಲ್ಲಿ 5.8 ಸಂತೆಯಾಗಿದೆ. ಒಬ್ಬ ಕೂಗಿದ ಅಂತ ಇನ್ನೊಬ್ಬ ಇನ್ನೂ ಜೋರಾಗಿ ಕೂಗುತ್ತಾನೆ. ಲೈಸೆನ್ಸ್ ಬೇಡದ ಬ್ಯಾಂಡ್‌ನಲ್ಲಿ ಯಾರಿಗೂ ರಕ್ಷಣೆ ಇಲ್ಲ. ಪಕ್ಕದವನು ತೊಂದರೆ ಕೊಟ್ಟ ಅಂತ ದೂರು ಕೊಡಲೂ ಬರುವುದಿಲ್ಲ.

ಅದಕ್ಕಿಂತ ಮುಖ್ಯ ಮಾತು: 16 ಡಿಬಿ ತಪ್ಪು ಎಲ್ಲೋ ಕೂತಿದೆ. ಪವರ್ ಏರಿಸಿದರೆ ಅದು ಮುಚ್ಚಿಹೋಗುತ್ತದೆ, ಸರಿಯಾಗುವುದಿಲ್ಲ. ಜ್ವರ ಬಂದವನಿಗೆ ಫ್ಯಾನ್ ಹಾಕಿದ ಹಾಗೆ.

ಹುಬ್ಳಿ_ಹುಡುಗ
ಆತ್ರೀ ಕಾಕಾ, ಬೈಬ್ಯಾಡ್ರಿ.

ಹೊಸಬ_ಇಸಿ
ನಾನು ಇಂಜಿನಿಯರಿಂಗ್ 3ನೇ ವರ್ಷ. ದಡ್ಡ ಪ್ರಶ್ನೆ ಅನ್ನಬೇಡಿ. 129 ಡಿಬಿ ನಷ್ಟ ಅಂದರೆ ಗಾಳಿ ಅಷ್ಟನ್ನು ಹೀರಿಕೊಳ್ಳುತ್ತದಾ? ಮತ್ತೆ ಫ್ರೀಕ್ವೆನ್ಸಿ ಜಾಸ್ತಿ ಆದರೆ ಗಾಳಿ ಜಾಸ್ತಿ ಹೀರುತ್ತದೆ ಅಂತಾನಾ?

ನಿವೃತ್ತ_ಟ್ರಾನ್ಸ್‌ಮಿಷನ್
ದಡ್ಡ ಪ್ರಶ್ನೆ ಅಲ್ಲಪ್ಪ. ಇಲಾಖೆಯಲ್ಲಿ ಸೇರಿದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ. ಈ ಫ್ರೀಕ್ವೆನ್ಸಿಯಲ್ಲಿ ಗಾಳಿ ಹೀರುವುದು ಲೆಕ್ಕಕ್ಕೇ ಇಲ್ಲ. ಬಲ ಹರಡಿಹೋಗುತ್ತದೆ, ಅಷ್ಟೇ. ಟಾರ್ಚ್ ಬೆಳಕು ದೂರ ಹೋದಂತೆ ಅಗಲವಾಗುತ್ತದಲ್ಲ, ಹಾಗೆ. ದೂರ ಎರಡು ಪಟ್ಟಾದರೆ ಹರಡುವ ಜಾಗ ನಾಲ್ಕು ಪಟ್ಟು. ಅದೇ 6 ಡಿಬಿ. 12 ಕಿಲೋಮೀಟರ್ ಲಿಂಕ್ 24 ಆದರೆ ನಷ್ಟ 129ರಿಂದ 135ಕ್ಕೆ ಹೋಗುತ್ತದೆ, 258ಕ್ಕೆ ಅಲ್ಲ.

ಫ್ರೀಕ್ವೆನ್ಸಿ ಬರುವುದು ಇನ್ನೊಂದು ಕಾರಣಕ್ಕೆ. ಸೂತ್ರ ಕೇಳುವುದು ಗೇನ್ ಇಲ್ಲದ ಆಂಟೆನಾ ಎಷ್ಟು ಹಿಡಿಯುತ್ತದೆ ಅಂತ. ಅಲೆಯ ಉದ್ದ ಚಿಕ್ಕದಾದರೆ ಅಂಥ ಆಂಟೆನಾದ ಬೊಗಸೆಯೂ ಚಿಕ್ಕದು. 5.8ರಲ್ಲಿ ಅಲೆಯ ಉದ್ದ 5.2 ಸೆಂಟಿಮೀಟರ್. ಬೊಗಸೆ ಎಷ್ಟಿರಬಹುದು ನೀನೇ ಊಹಿಸು. ಈ ಲೆಕ್ಕವನ್ನು ಇಷ್ಟು ಸರಳವಾಗಿ ಬರೆದುಕೊಟ್ಟವನು ಬೆಲ್ ಲ್ಯಾಬ್ಸ್‌ನ ಹರಾಲ್ಡ್ ಫ್ರಿಸ್, 1946ರಲ್ಲಿ. ನಿಮ್ಮ ಪರೀಕ್ಷೆಗೂ ಅದೇ ಬರುವುದು.

ಡಿಬಿಯಲ್ಲಿ ಬರೆದರೆ ಕಿರಾಣಿ ಅಂಗಡಿ ಜಮಾ-ಖರ್ಚಿನ ಹಾಗೆ. ಕೂಡಿಸು, ಕಳೆ. ಗುಣಾಕಾರವೇ ಇಲ್ಲ.

ಹೊಸಬ_ಇಸಿ
ಬೊಗಸೆ ಸೂಪರ್ ಸರ್. ನಮ್ಮ ಮೇಡಂ ಹೀಗೆ ಹೇಳಿದ್ದರೆ ಇಂಟರ್ನಲ್ಸ್‌ನಲ್ಲಿ ಪಾಸಾಗ್ತಿದ್ದೆ.

ಕರಾವಳಿ_ಕಿಟ್ಟು
ಕೊಪ್ಪದ ಕಡೆ ಅಂದ್ರೆ ಮಳೆ ಮಾರಾಯ್ರೆ. ಆಗುಂಬೆ ಪಕ್ಕದಲ್ಲೇ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಜಾಗ. ಸಿಗ್ನಲ್ ಎಲ್ಲಿಂದ ಬರಬೇಕು?

ಬೆಂಗ್ಳೂರ್_ಟವರ್
ಈಗ ಜನವರಿ ಕಿಟ್ಟಣ್ಣ. ಒಂದು ಹನಿ ಇಲ್ಲ.

ಮಳೆಗಾಲದಲ್ಲೂ ವರ್ಷದ ಒಟ್ಟು ಮಳೆ ಲೆಕ್ಕಕ್ಕೆ ಬರುವುದಿಲ್ಲ. ಆ ಗಳಿಗೆಯಲ್ಲಿ ಎಷ್ಟು ಬಿರುಸಾಗಿ ಸುರಿಯುತ್ತಿದೆ ಅನ್ನುವುದು ಮುಖ್ಯ. ದಿನವಿಡೀ ಜಿಟಿಜಿಟಿ ಹಿಡಿದರೆ ರೇಡಿಯೋಗೆ ಏನೂ ಅನ್ನಿಸುವುದಿಲ್ಲ. ನಾನು ಮೊಬೈಲ್ ಟವರ್ ಲಿಂಕ್‌ಗಳ ಕೆಲಸ ಮಾಡುತ್ತೇನೆ. 23 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 100 ಮಿಲಿಮೀಟರ್ ಬಿರುಸಿನ ಮಳೆಗೆ ಕಿಲೋಮೀಟರ್‌ಗೆ ಸುಮಾರು 10 ಡಿಬಿ ಹೋಗುತ್ತದೆ. ಬೆಂಗಳೂರಿನ ಏಪ್ರಿಲ್ ಸಂಜೆಯ ಗುಡುಗು ಮಳೆ 20 ನಿಮಿಷ ಬಂದರೆ ಸಾಕು, ಫೋನ್ ಮೇಲೆ ಫೋನ್. ಅದೇ ಮಳೆಗೆ 5.8ರಲ್ಲಿ ಕಿಲೋಮೀಟರ್‌ಗೆ ಹೆಚ್ಚೆಂದರೆ 1 ಡಿಬಿ. ಅಂಥ ಬಿರುಸಿನ ಮಳೆ 12 ಕಿಲೋಮೀಟರ್ ಉದ್ದಕ್ಕೂ ಒಂದೇ ಸಲ ಸುರಿಯುವುದೂ ಅಪರೂಪ.

ಕರಾವಳಿ_ಕಿಟ್ಟು
ಸರಿ ಸರಿ. ಹಾಗಾದ್ರೆ ಇಂಟರ್‌ಫಿಯರೆನ್ಸ್ ಇರಬಹುದು ಅಲ್ವಾ? ಅಂಗಡಿಯವ ಹೇಳಿದ್ದು?

ಡಿಬಿ_ಭಟ್ರು
ಅಲ್ಲ. ಜಾತ್ರೆಯಲ್ಲಿ ಗಲಾಟೆ ಇದ್ದರೆ ನಿಮ್ಮ ಹೆಂಡತಿಯ ದನಿ ಸಣ್ಣದಾಗುವುದಿಲ್ಲ, ಕೇಳಿಸುವುದು ಕಷ್ಟ ಆಗುತ್ತದೆ. ಇಂಟರ್‌ಫಿಯರೆನ್ಸ್ ಇದ್ದರೆ ಸಿಗ್ನಲ್ -64 ಅಂತಲೇ ತೋರಿಸುತ್ತಿತ್ತು, ಗದ್ದಲದ ಸಂಖ್ಯೆ ಮೇಲೆ ಬರುತ್ತಿತ್ತು. ಇಲ್ಲಿ ಸಿಗ್ನಲ್ಲೇ ಬಿದ್ದಿದೆ.

ಇನ್ನೊಂದು ಸುಳಿವು, ಎರಡೂ ಕಡೆ ಒಂದೇ -80. ಒಂದು ರೇಡಿಯೋ ಕೆಟ್ಟಿದ್ದರೆ ಒಂದು ದಿಕ್ಕು ಮಾತ್ರ ಕೆಡುತ್ತಿತ್ತು. ಎರಡೂ ಸಮ ಅಂದರೆ ದಾರಿಯಲ್ಲಿ ಅಡ್ಡ ಇದೆ, ಇಲ್ಲವೇ ಯಾವುದೋ ಡಿಶ್ ಬೇರೆ ಕಡೆ ನೋಡುತ್ತಿದೆ. ಡಿಶ್ ಹೋಗುವಾಗಲೂ ಬರುವಾಗಲೂ ಒಂದೇ ಥರ ಮೋಸ ಮಾಡುತ್ತದೆ.

ಮಲೆನಾಡ್ ಅವರೇ, ಅಡ್ಡ ಅಲೆಗೊಂದು ಉದ್ದ ಅಲೆಗೊಂದು ಅಂತ ರೇಡಿಯೋದಲ್ಲಿರುವ ಎರಡು ಚೈನ್‌ಗಳ ಸಂಖ್ಯೆ ಬೇರೆ ಬೇರೆ ತೋರಿಸುತ್ತದಾ?

ಮಲೆನಾಡ್_ಕೇಬಲ್
ಹೌದು. -83, -83. ಒಟ್ಟು -80.

ಡಿಬಿ_ಭಟ್ರು
ಅಡ್ಡ-ಉದ್ದದ ಪೋಲರೈಸೇಶನ್ ಸರಿ ಇದೆ ಹಾಗಾದರೆ. ಒಂದು ಚೈನ್‌ನ ತಂತಿಯೋ ಕನೆಕ್ಟರೋ ಕೆಟ್ಟಿದ್ದರೆ ಒಂದು -83, ಇನ್ನೊಂದು -100ರ ಹತ್ತಿರ ಅಂತ ಬರುತ್ತಿತ್ತು. (ಎರಡು ಸಮ ಚೈನ್ ಕೂಡಿಸಿದರೆ 3 ಡಿಬಿ ಜಾಸ್ತಿ ಕಾಣುತ್ತದೆ. ಹೋಲಿಸುವಾಗ ಒಟ್ಟನ್ನು ಒಟ್ಟಿಗೇ ಹೋಲಿಸಿ.)

ಕಾಫಿತೋಟ
ದಾರಿಯಲ್ಲಿ ಕಾಫಿ ತೋಟ ಇದೆಯಾ? ನಮ್ಮ ಕಡೆ ಸಿಲ್ವರ್ ಮರ ಇಪ್ಪತ್ತು ಮೀಟರ್ ದಾಟುತ್ತದೆ. ಮೆಣಸಿನ ಬಳ್ಳಿ ಬೇರೆ ಹಬ್ಬಿರುತ್ತದೆ. ನಮ್ಮ ಮನೆಯ ಮೊಬೈಲ್ ಸಿಗ್ನಲ್ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಆದ ವಾರ ಸೂಪರ್, ಮಳೆ ಬಿದ್ದು ಚಿಗುರಿದ ಮೇಲೆ ಅಟ್ಟ ಹತ್ತಬೇಕು.

ಮಲೆನಾಡ್_ಕೇಬಲ್
ಊರಿನ ಕಡೆಯಿಂದ 2 ಕಿಲೋಮೀಟರ್‌ನಲ್ಲಿ ಒಂದು ದಿಣ್ಣೆ, ಅದರ ಮೇಲೆ ತೋಟ ಇದೆ. ಆದರೆ ಕಂಬ ಕಾಣುತ್ತದೆ ಅಂದೆನಲ್ಲ?

ನಿವೃತ್ತ_ಟ್ರಾನ್ಸ್‌ಮಿಷನ್
ಕಣ್ಣಿಗೆ ಕಂಡರೆ ಸಾಲದು. ಕಣ್ಣು ನೋಡುವುದು ದಾರದಂಥ ಗೆರೆ. ರೇಡಿಯೋಗೆ ಬೇಕಾಗುವುದು ಸೌತೆಕಾಯಿಯಂಥ ಜಾಗ, ನಡುವೆ ದಪ್ಪ, ತುದಿಗೆ ಸಣ್ಣ. ಅದಕ್ಕೇ ಫ್ರೆನೆಲ್ ಜೋನ್ ಅನ್ನುವುದು. ನಿಮ್ಮ ಲಿಂಕ್‌ನ ನಟ್ಟನಡುವೆ ಅದರ ಅರ್ಧಗಾತ್ರ 12.5 ಮೀಟರ್. ಆ ದಿಣ್ಣೆಯ ಹತ್ತಿರ 9.3. ನೂರಕ್ಕೆ 60 ಭಾಗ ಖಾಲಿ ಇದ್ದರೆ ಸಾಕು ಅನ್ನುವುದು ರೂಢಿ, ಅಂದರೆ 5.6 ಮೀಟರ್. ಭೂಮಿಯ ಉಬ್ಬು ಅಲ್ಲಿ 1.2 ಮೀಟರ್, ಅದನ್ನೂ ಸೇರಿಸಿ. ಮರದ ತುದಿಯಿಂದ ಗೆರೆ ಸುಮಾರು 7 ಮೀಟರ್ ಮೇಲಿರಬೇಕು.

ಗುಡ್ಡದ ಡಿಶ್ ಊರಿನ ಡಿಶ್‌ಗಿಂತ ಎಷ್ಟು ಎತ್ತರ? ದಿಣ್ಣೆ ಎಷ್ಟು?

ಮಲೆನಾಡ್_ಕೇಬಲ್
ಡಿಶ್‌ನಿಂದ ಡಿಶ್‌ಗೆ 350 ಮೀಟರ್ ವ್ಯತ್ಯಾಸ. ಊರಿನ ಕಂಬ 15 ಮೀಟರ್. ದಿಣ್ಣೆ ಊರಿಗಿಂತ 45 ಮೀಟರ್ ಮೇಲೆ ಅಂತ ನಕ್ಷೆ ಹೇಳುತ್ತದೆ. ಮರ ಒಂದು 22 ಹಿಡಿಯೋಣ.

ನಿವೃತ್ತ_ಟ್ರಾನ್ಸ್‌ಮಿಷನ್
ದಿಣ್ಣೆ ಇರುವುದು 12ರಲ್ಲಿ 2 ಕಿಲೋಮೀಟರ್‌ಗೆ, ಹಾಗಾಗಿ 350ರಲ್ಲಿ ಆರನೇ ಒಂದು ಪಾಲು 58. ಅದಕ್ಕೆ 15 ಸೇರಿಸಿ, 73. ಮರದ ತುದಿ 67. ಉಬ್ಬು ಕಳೆದರೆ ಖಾಲಿ ಜಾಗ 5 ಮೀಟರ್ ಚಿಲ್ಲರೆ. ಬೇಕಾದದ್ದು 5.6. ಸ್ವಲ್ಪ ಕಮ್ಮಿ, ಆದರೆ ಇದರಿಂದ 16 ಡಿಬಿ ಹೋಗುವುದಿಲ್ಲ. ಚೂಪಾದ ದಿಬ್ಬದ ತುದಿ ಗೆರೆಗೆ ಸರಿಯಾಗಿ ತಾಗಿದರೂ ಹೋಗುವುದು 6 ಡಿಬಿ. ಮರ ಸದ್ಯಕ್ಕೆ ನಿರಪರಾಧಿ. ಜಾಮೀನು ಕೊಡಿ, ಬಿಡುಗಡೆ ಬೇಡ.

ಕಾಫಿತೋಟ
😂😂

ಬೆಂಗ್ಳೂರ್_ಟವರ್
ಉಳಿದದ್ದು ಡಿಶ್ ತಿರುವಿದ್ದು. ಸತ್ಯ ಹೇಳಿ ಸಾರ್, ದಿಕ್ಕು ಹೇಗೆ ನೋಡಿದಿರಿ?

ಮಲೆನಾಡ್_ಕೇಬಲ್
ಫೋನಿನ ಕಂಪಾಸ್ ಆ್ಯಪ್. ಟವರ್ ಮೇಲೆ ಡಿಶ್ ಪಕ್ಕದಲ್ಲೇ ಹಿಡಿದು ನೋಡಿದ್ದು. ಆಮೇಲೆ ಹುಡುಗ ಆಚೆ ಈಚೆ ಸ್ವಲ್ಪ ತಿರುಗಿಸಿದ. -80ಗಿಂತ ಆ ಕಡೆ ಈ ಕಡೆ ಹೋದರೆ -90 ಆಗುತ್ತಿತ್ತು. ಹಾಗಾಗಿ ಅಲ್ಲೇ ನಟ್ಟು ಬಿಗಿದೆವು.

ಬೆಂಗ್ಳೂರ್_ಟವರ್
ಅಯ್ಯೋ! ಕಬ್ಬಿಣದ ಟವರ್ ಪಕ್ಕ ಕಂಪಾಸ್! ಅದು ಹತ್ತು ಡಿಗ್ರಿ ಸುಳ್ಳು ಹೇಳಿದರೂ ಆಶ್ಚರ್ಯ ಇಲ್ಲ.

ನೀವು ಸೈಡ್ ಲೋಬ್ ಮೇಲೆ ಕೂತಿದ್ದೀರಿ. ನಿಮ್ಮ ಡಿಶ್‌ನ ಮುಖ್ಯ ಕಿರಣ ಸುಮಾರು 6 ಡಿಗ್ರಿ ಅಗಲ ಇರುತ್ತದೆ. ಅದರ ಎರಡೂ ಪಕ್ಕದಲ್ಲಿ, ನಡುವಿನಿಂದ 8-9 ಡಿಗ್ರಿ ದೂರಕ್ಕೆ, ಸಣ್ಣ ಸಣ್ಣ ಶಿಖರ ಇವೆ. ಅವು ಮುಖ್ಯ ಶಿಖರಕ್ಕಿಂತ 15ರಿಂದ 20 ಡಿಬಿ ಕೆಳಗೆ. ನಿಮಗೆ ಕಮ್ಮಿ ಬಿದ್ದಿರುವುದು 16! ಸಣ್ಣ ಶಿಖರದ ಮೇಲೆ ನಿಂತು ನೋಡಿದರೂ ಎರಡೂ ಕಡೆ ಇಳಿಜಾರೇ ಕಾಣುತ್ತದೆ. ಇದೇ ತುದಿ ಅಂದುಕೊಂಡು ಎಲ್ಲರೂ ಮೋಸ ಹೋಗುತ್ತಾರೆ.

ಮಾಡುವುದು ಇಷ್ಟು. ಒಂದು ಕಡೆಯ ಡಿಶ್ ಮುಟ್ಟಬೇಡಿ. ಇನ್ನೊಂದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ 40 ಡಿಗ್ರಿಯಷ್ಟು ನಿಧಾನವಾಗಿ ತಿರುಗಿಸಿ. ಎರಡೆರಡು ಡಿಗ್ರಿಗೆ ನಿಲ್ಲಿಸಿ, ಕೆಳಗೆ ಒಬ್ಬ ಸಂಖ್ಯೆ ಬರೆದುಕೊಳ್ಳಲಿ. ಮೂರು ಶಿಖರ ಸಿಗಬೇಕು. ನಡುವಿನದು ಎತ್ತರ. ಆಮೇಲೆ ಆ ಕಡೆಯ ಡಿಶ್. ಮೇಲೆ-ಕೆಳಗಿನ ಚಿಂತೆ ಸದ್ಯಕ್ಕೆ ಬೇಡ. 12 ಕಿಲೋಮೀಟರ್‌ಗೆ 350 ಮೀಟರ್ ಅಂದರೆ 1.7 ಡಿಗ್ರಿ ಮಾತ್ರ, ಕಿರಣದ ಒಳಗೇ ಇರುತ್ತದೆ.

ಡಿಬಿ_ಭಟ್ರು
ದೊಡ್ಡ ಡಿಶ್ ಬಗ್ಗೆಯೂ ಹೇಳಿಬಿಡುತ್ತೇನೆ. 30ರ ಬದಲು 34 ಎರಡೂ ಕಡೆ ಹಾಕಿದರೆ 8 ಡಿಬಿ ಸಿಗುತ್ತದೆ ಅಂತ ಅಂಗಡಿಯವರು ಹೇಳಿರಬೇಕು. ಸಿಗುವುದಿಲ್ಲ. ಕಳಿಸುವ ಕಡೆ 36ರ ಮಿತಿ ಅಲ್ಲೇ ಇದೆ, ಡಿಶ್ 4 ಏರಿದರೆ ಪವರ್ 4 ಇಳಿಯುತ್ತದೆ. ಹಿಡಿಯುವ ಕಡೆಯ 4 ಮಾತ್ರ ಲಾಭ. ದೊಡ್ಡ ಡಿಶ್‌ನ ಕಿರಣ ಇನ್ನೂ ಸಣ್ಣ, ಕೂರಿಸುವುದು ಇನ್ನೂ ಕಷ್ಟ.

ಕರಾವಳಿ_ಕಿಟ್ಟು
ನಮ್ಮಲ್ಲಿ ಮಂಗಗಳು ತಂತಿ ಕಚ್ಚಿ ಹಾಳು ಮಾಡ್ತವೆ. ಅದಕ್ಕೆ ಎಷ್ಟು ಡಿಬಿ ಇಟ್ಟುಕೊಳ್ಳಬೇಕು ಭಟ್ರೆ?

ಡಿಬಿ_ಭಟ್ರು
ಅದಕ್ಕೆ ಡಿಬಿ ಅಲ್ಲ, ಜಿಐ ಪೈಪ್.

ಹುಬ್ಳಿ_ಹುಡುಗ
ನಮ್ಮ ಕಡಿ ಮಂಗ್ಯಾ ಇಲ್ಲ, ಕರೆಂಟ್ ಇಲ್ಲ. ಲಿಂಕ್ 99.99 ಇದ್ರೇನು, ಬ್ಯಾಟರಿ ಎರಡ ತಾಸಿಗೆ ಮಲಗ್ತದ.

ಬೆಂಗ್ಳೂರ್_ಟವರ್
ಇದು ಮಾತ್ರ ನೂರಕ್ಕೆ ನೂರು ನಿಜ. 99.99 ಅಂದರೆ ವರ್ಷಕ್ಕೆ 53 ನಿಮಿಷ ಮಾತ್ರ ಕೆಡಬಹುದು. ಒಂದು ಮಧ್ಯಾಹ್ನದ ಲೈನ್ ರಿಪೇರಿಗೆ ಅಷ್ಟೂ ಖರ್ಚು.

ಮಲೆನಾಡ್_ಕೇಬಲ್
(ಮೂರು ದಿನ ಆದ ಮೇಲೆ) ಸಿಕ್ಕಿತು!!!

ನಿನ್ನೆ ಗುಡ್ಡದ ಟವರ್ ಹತ್ತಿದೆವು. ನಮ್ಮ ಹುಡುಗನಿಗೆ ಜ್ವರ, ಅಡಿಕೆ ಕೊನೆ ತೆಗೆಯುವವರೊಬ್ಬರನ್ನು ಕರೆದುಕೊಂಡು ಹೋದೆ. ಬೆಲ್ಟ್ ಹಾಕಿಸುವುದಕ್ಕೇ ಅರ್ಧ ಗಂಟೆ ಬೇಡಿಕೊಳ್ಳಬೇಕಾಯಿತು. "ಅಡಿಕೆ ಮರದಲ್ಲಿ ಇಲ್ಲದ್ದು ಇಲ್ಲಿ ಯಾಕೆ" ಅಂತ. ಅವರು ಮೇಲೆ ತಿರುಗಿಸುತ್ತಾ ಹೋದರು, ನಾನು ಕೆಳಗೆ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದುಕೊಂಡೆ: -80, -84, -91, ಆಮೇಲೆ ಲಿಂಕೇ ಹೋಯಿತು. "ನಿಲ್ಲಿಸಬೇಡಿ, ಇನ್ನೂ ತಿರುಗಿಸಿ" ಅಂದೆ. ವಾಪಸ್ ಬಂತು, -77, -70, -66, -65. ಮತ್ತೆ -67. ಅಲ್ಲೇ ಹಿಂದೆ ತಂದು ಬಿಗಿದೆವು. ಎಂಟು ಡಿಗ್ರಿ ಅತ್ತ ಇತ್ತು! ಊರಿನ ಕಡೆಯ ಡಿಶ್ ಸರಿಯಾಗೇ ಇತ್ತು.

ಈಗ ಎರಡೂ ಕಡೆ -65. ಭಟ್ರ ಲೆಕ್ಕಕ್ಕೆ 1 ಡಿಬಿ ಕಮ್ಮಿ.

ಡಿಬಿ_ಭಟ್ರು
ಒಂದು ಎರಡು ಡಿಬಿ ವ್ಯತ್ಯಾಸ ಇದ್ದೇ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಆ ಕೊನೆ ತೆಗೆಯುವವರಿಗೆ ಬಹುಮಾನ ಕೊಡಿ.

ನಿವೃತ್ತ_ಟ್ರಾನ್ಸ್‌ಮಿಷನ್
ಸಂತೋಷ. ಆದರೆ ಕೆಲಸ ಮುಗಿದಿಲ್ಲ. ನಿಮ್ಮ ರೇಡಿಯೋ ಪುಸ್ತಕದಲ್ಲಿ, ನಿಮಗೆ ಬೇಕಾದ ಸ್ಪೀಡಿಗೆ ಕನಿಷ್ಠ ಎಷ್ಟು ಸಿಗ್ನಲ್ ಬೇಕು ಅಂತಿದೆ?

ಮಲೆನಾಡ್_ಕೇಬಲ್
40 ಮೆಗಾಹರ್ಟ್ಸ್ ಚಾನೆಲ್ ಅಗಲದಲ್ಲಿ ಪೂರ್ತಿ ಸ್ಪೀಡಿಗೆ -72. ತೀರಾ ಕೆಳಗಿನ ಸ್ಪೀಡಿಗೆ -90.

ನಿವೃತ್ತ_ಟ್ರಾನ್ಸ್‌ಮಿಷನ್
ಹಾಗಾದರೆ ಪೂರ್ತಿ ಸ್ಪೀಡಿಗೆ ನಿಮ್ಮ ಕೈಯಲ್ಲಿರುವ ಉಳಿತಾಯ 7 ಡಿಬಿ. ಸಾಲದು. ಸಿಗ್ನಲ್ ಹಲವು ದಾರಿಯಲ್ಲಿ ಬಂದು ಒಂದಕ್ಕೊಂದು ಹೊಡೆದುಕೊಳ್ಳುವ ಕೆಟ್ಟ ಸಂದರ್ಭಕ್ಕೆ ನಾವು ಬಾಯಿಪಾಠ ಮಾಡಿದ್ದ ಲೆಕ್ಕ: 10 ಡಿಬಿ ಉಳಿತಾಯಕ್ಕೆ ನೂರರಲ್ಲಿ 90 ಪಾಲು ಹೊತ್ತು ಲಿಂಕ್ ಇರುತ್ತದೆ, 20ಕ್ಕೆ 99, 30ಕ್ಕೆ 99.9, 40ಕ್ಕೆ 99.99. ನಮ್ಮ ಕಾಲದಲ್ಲಿ 30ಕ್ಕಿಂತ ಕಮ್ಮಿ ಉಳಿಸಿಕೊಂಡರೆ ಸಾಹೇಬರು ಸಹಿ ಹಾಕುತ್ತಿರಲಿಲ್ಲ.

ಬೆಂಗ್ಳೂರ್_ಟವರ್
ಸರ್, ನಿಮ್ಮ ಕಾಲದ ರೇಡಿಯೋ ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಈಗಿನವು ಸಿಗ್ನಲ್ ಬಿದ್ದರೆ ಗೇರ್ ಇಳಿಸುತ್ತವೆ. ಲಿಂಕ್ ಸಾಯಲು -90ಕ್ಕೆ ಬೀಳಬೇಕು, ಅಂದರೆ 25 ಡಿಬಿ ಉಳಿತಾಯ ಇದೆ. ಒಟ್ಟಾರೆ ಎದುರಿಗೆ ಕಾಣುವ ಸ್ವಚ್ಛ ಲಿಂಕ್‌ಗೆ ನಿಮ್ಮ ಬಾಯಿಪಾಠ ಸ್ವಲ್ಪ ಜಾಸ್ತಿ ಕಠಿಣವೇ.

ನಿವೃತ್ತ_ಟ್ರಾನ್ಸ್‌ಮಿಷನ್
ಗೇರ್ ಇಳಿಸಿದಾಗ 38 ಮನೆಯವರೂ ಒಟ್ಟಿಗೇ ವಿಡಿಯೋ ನೋಡುತ್ತಿದ್ದರೆ? ಫೋನ್ ಎತ್ತುವವರು ನೀವಲ್ಲ, ಮಲೆನಾಡ್ ಅವರು.

ಹೊಸಬ_ಇಸಿ
40ರ ಬದಲು 20 ಮೆಗಾಹರ್ಟ್ಸ್ ಮಾಡಿದರೆ? ಗದ್ದಲ ಅರ್ಧ ಆಗುತ್ತದೆ, 3 ಡಿಬಿ ಪುಕ್ಕಟೆ ಅಲ್ವಾ?

ಬೆಂಗ್ಳೂರ್_ಟವರ್
ಪುಕ್ಕಟೆ ಅಲ್ಲ, ಸ್ಪೀಡೂ ಹೆಚ್ಚುಕಮ್ಮಿ ಅರ್ಧ. ಆದರೆ ಯೋಚನೆ ಸರಿ ಇದೆ. ಇಂಟರ್ನಲ್ಸ್ ಪಾಸ್.

ಮಲೆನಾಡ್_ಕೇಬಲ್
ಸರ್ ಹೇಳಿದ್ದು ಇವತ್ತೇ ಕಂಡಿತು. ಬೆಳಿಗ್ಗೆ 6:20ಕ್ಕೆ -74, ಸ್ಪೀಡ್ ಇಳಿದಿತ್ತು. ಕಣಿವೆ ತುಂಬ ಮಂಜು. ಒಂಬತ್ತರ ಹೊತ್ತಿಗೆ ಬಿಸಿಲು ಬಂತು, ಮತ್ತೆ -65. ಮಂಜಿನಿಂದ ಹೀಗಾಗುತ್ತದಾ?

ನಿವೃತ್ತ_ಟ್ರಾನ್ಸ್‌ಮಿಷನ್
ಮಂಜು ಸಾಕ್ಷಿ, ಕಳ್ಳ ಅಲ್ಲ. 5.8ಕ್ಕೆ ಮಂಜಿನ ಹನಿ ಏನೂ ಮಾಡದು. ಗಾಳಿ ಅಲುಗದ ಚಳಿ ರಾತ್ರಿಯಲ್ಲಿ ಕಣಿವೆ ತಳದಲ್ಲಿ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಪದರ ಪದರವಾಗಿ ಕೂರುತ್ತದೆ. ಮಂಜು ಕಟ್ಟುವುದೂ ಅದರಿಂದಲೇ. ಆ ಪದರಗಳಲ್ಲಿ ಅಲೆ ಬಾಗುತ್ತದೆ, ಎರಡು ದಾರಿಯಲ್ಲಿ ಬರುತ್ತದೆ, ಒಂದನ್ನೊಂದು ಕಳೆಯುತ್ತದೆ. ಬಿಸಿಲು ಬಂದು ಗಾಳಿ ಕಲಕಿದ ಮೇಲೆ ಸರಿ. ಮಳೆಗಾಲಕ್ಕಿಂತ ಈ ತಿಂಗಳುಗಳೇ ನಿಮಗೆ ಪರೀಕ್ಷೆ. ಒಂದು ತಿಂಗಳು ಐದೈದು ನಿಮಿಷಕ್ಕೆ ಸಿಗ್ನಲ್ ದಾಖಲಾಗುವ ಹಾಗೆ ಇಡಿ.

ಡಿಬಿ_ಭಟ್ರು
ಈಗ ಊರಿನ ಕಡೆ ಒಂದಕ್ಕೆ ಮಾತ್ರ 34ರ ಡಿಶ್ ಯೋಚಿಸಬಹುದು. ಮನೆಗಳಿಗೆ ಬರುವ ದಿಕ್ಕಿಗೆ 4 ಡಿಬಿ, ಜನ ಡೌನ್‌ಲೋಡ್ ತಾನೇ ಜಾಸ್ತಿ ಮಾಡುವುದು. ಅಂಗಡಿಯವರು ಹೇಳಿದ ಮದ್ದು ಅರ್ಧ ಸರಿ, ರೋಗ ಮಾತ್ರ ಬೇರೆ.

ಕಾಫಿತೋಟ
ಆ ದಿಣ್ಣೆ ತೋಟ, ಕೆಳಗೆ ಹಳೇ ಗೋಡೌನ್ ಇದೆಯಾ? ಕೆಂಪು ಶೀಟಿನದು?

ಮಲೆನಾಡ್_ಕೇಬಲ್
ಹೌದು! ಹೇಗೆ ಗೊತ್ತು?

ಕಾಫಿತೋಟ
ನಮ್ಮ ಭಾವನ ತೋಟ. ಮರಗಸಿ ಮೇ ತಿಂಗಳಲ್ಲಿ. ಮೂರು ನಾಲ್ಕು ಸಿಲ್ವರ್ ತಲೆ ಕಡಿಸಲು ಹೇಳುತ್ತೇನೆ, ಆದರೆ ಮೆಣಸಿನ ಕೊಯ್ಲಿಗೆ ಮೊದಲು ಮುಟ್ಟಲು ಬಿಡುವುದಿಲ್ಲ. ಅವರ ಮನೆಗೂ ನೆಟ್ ಇಲ್ಲ, ಅದನ್ನೂ ಕೇಳುತ್ತಾರೆ ನೋಡಿ.

ಮಲೆನಾಡ್_ಕೇಬಲ್
39ನೇ ಮನೆ ಅಂತ ಬರೆದುಕೊಂಡೆ. ಮೇ ತನಕ ದಾಖಲೆ ಹಾಕುತ್ತಾ ಇರುತ್ತೇನೆ. ಇವತ್ತು ಬೆಳಿಗ್ಗೆ -71.